ಉಡ ಮತ್ತು ಚಿಟ್ಟೆ: ಒಂದೇ ಬಿಸಿಲು, ಎರಡು ಬದುಕು

ಮಲೆನಾಡಿನ ಕಾಡಂಚಿನಲ್ಲಿ ಬಿಸಿಲೇರುವ ಹೊತ್ತು. ಹುತ್ತದ ಪಕ್ಕದಲ್ಲಿ ಉಡ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿದೆ. ಮೇಲೆ ಎಲೆಯೊಂದರ ಮೇಲೆ ಸದರ್ನ್ ಬರ್ಡ್‌ವಿಂಗ್ ಚಿಟ್ಟೆ ರೆಕ್ಕೆ ಹರಡಿ ಕೂತಿದೆ. ಎರಡಕ್ಕೂ ಈಗ ಇರುವುದು ಒಂದೇ ಕೆಲಸ, ಮೈ ಕಾಯಿಸಿಕೊಳ್ಳುವುದು. ಹಕ್ಕಿಗಳಂತೆ, ಸಸ್ತನಿಗಳಂತೆ ಮೈಬಿಸಿಯನ್ನು ಒಳಗಿನಿಂದಲೇ ಕಾಪಾಡಿಕೊಳ್ಳುವುದು ಇವಕ್ಕೆ ಬಾರದು. ಮೈ ಬೆಚ್ಚಗಾಗದೆ ಉಡ ಚುರುಕಾಗಿ ಓಡದು, ಚಿಟ್ಟೆ ಹಾರದು.

ಮೈಕಟ್ಟಿನಲ್ಲಿ ಮಾತ್ರ ಅಜಗಜಾಂತರ.

ಉಡ ಬೆನ್ನೆಲುಬಿನ ಪ್ರಾಣಿ. ಬಾಲ ಸೇರಿ ಒಂದೂವರೆ ಮೀಟರಿನವರೆಗೂ ಬೆಳೆಯಬಲ್ಲದು. ಚಿಟ್ಟೆಗೆ ಎಲುಬೇ ಇಲ್ಲ, ಕೈಟಿನ್ ಎಂಬ ವಸ್ತುವಿನ ಹೊರಕವಚವೇ ಆಧಾರ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ರೆಕ್ಕೆಯಗಲ 14ರಿಂದ 19 ಸೆಂ.ಮೀ. ದೇಶದ ಅತಿ ದೊಡ್ಡ ಚಿಟ್ಟೆಯೆಂಬ ಪಟ್ಟ ಬಹುಕಾಲ ಇದರದೇ ಆಗಿತ್ತು. 2020ರಲ್ಲಿ ಅದು 194 ಮಿ.ಮೀ. ಅಗಲದ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಪಾಲಾಯಿತು. ಚಿಟ್ಟೆಯೇಕೆ ಉಡದಷ್ಟು ದೊಡ್ಡದಾಗದು? ಒಂದು ಕಾರಣ ಉಸಿರಾಟ. ಉಡಕ್ಕೆ ಶ್ವಾಸಕೋಶವಿದೆ, ಪ್ರಾಣವಾಯುವನ್ನು ಹೊತ್ತೊಯ್ಯುವ ರಕ್ತವಿದೆ. ಚಿಟ್ಟೆಯಲ್ಲಿ ಮೈಬದಿಯ ಸಣ್ಣ ರಂಧ್ರಗಳಿಂದ ಒಳಬಂದ ಗಾಳಿ ಕೊಳವೆಗಳ ಮೂಲಕ ನೇರವಾಗಿ ಅಂಗಾಂಶಗಳನ್ನು ಮುಟ್ಟುತ್ತದೆ. ಪುಟ್ಟ ದೇಹಕ್ಕೆ ಇದು ಧಾರಾಳ, ದೊಡ್ಡ ದೇಹಕ್ಕೆ ಸಾಲದು.

ಲೋಕವನ್ನು ತಿಳಿಯುವ ಬಗೆಯೂ ಬೇರೆ. ಉಡ ಸೀಳುನಾಲಿಗೆ ಚಾಚಿ ಗಾಳಿಯಲ್ಲಿನ ವಾಸನೆಯ ಕಣಗಳನ್ನು ಹಿಡಿದು, ಅಂಗುಳಿನಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಒಪ್ಪಿಸುತ್ತದೆ. ಚಿಟ್ಟೆ ರುಚಿ ನೋಡುವುದು ಕಾಲಿನಿಂದ. ಹೆಣ್ಣು ಬರ್ಡ್‌ವಿಂಗ್ ಎಲೆಯನ್ನು ಮುಂಗಾಲಿನಿಂದ ತಟ್ಟಿ ನೋಡಿ, ಈಶ್ವರಿ ಬಳ್ಳಿಯ ಜಾತಿಯದೇ ಎಂದು ಖಾತ್ರಿಯಾದ ಮೇಲೆ ಮೊಟ್ಟೆಯಿಡುತ್ತದೆ. ಆ ಬಳ್ಳಿಯ ವಿಷ ತಿಂದೇ ಬೆಳೆಯುವ ಹುಳು ಅದನ್ನು ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಹಕ್ಕಿಗಳು ಅದರ ಗೊಡವೆಗೆ ಹೋಗುವುದಿಲ್ಲ.

ಉಡ ಮೊಟ್ಟೆಯಿಡುವುದು ನೆಲದ ಬಿಲದಲ್ಲಿ, ಹಲವೊಮ್ಮೆ ಹುತ್ತ ಕೊರೆದು. ಮರಿಯಾಗಲು ಆರು ತಿಂಗಳಿಗೂ ಹೆಚ್ಚು ಹಿಡಿಯಬಹುದು. ಚಿಟ್ಟೆಯ ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಆದರೆ ರೆಕ್ಕೆ ಬರಲು ಹುಳುವಾಗಿ, ಕೋಶವಾಗಿ ಎರಡು ರೂಪ ದಾಟಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೇ ಉಡವಿದೆ. ಆದರೂ ಮಾಂಸಕ್ಕೆ, ಎಣ್ಣೆಗೆ ಬೇಟೆ ನಿಂತಿಲ್ಲ. ಗಂಡು ಉಡದ ಜನನಾಂಗವನ್ನು ಒಣಗಿಸಿ, ‘ಹತ್ತಾ ಜೋಡಿ’ ಎಂಬ ಬೇರೆಂದು ನಂಬಿಸಿ ಮಾರುವವರೂ ಇದ್ದಾರೆ. ಕಾನೂನಿನ ಕಣ್ಣಿಗೂ ಬೀಳದ ಇನ್ನೊಂದು ಪೆಟ್ಟು ತೋಟದ ಬೇಲಿಯಲ್ಲೇ ನಡೆಯುತ್ತದೆ: ಸ್ವಚ್ಛತೆಯ ಹೆಸರಿನಲ್ಲಿ ಹುತ್ತ ಅಗೆಯುವುದು, ಬಳ್ಳಿ ಸವರುವುದು. ತೋಟವಿರುವವರು ಈ ಸಲ ಬೇಲಿಗೆ ಕತ್ತಿ ಹಾಕುವ ಮುನ್ನ ಈಶ್ವರಿ ಬಳ್ಳಿಯನ್ನು ಗುರುತಿಸಿ ಬಿಡಲಿ, ಮೂಲೆಯ ಹುತ್ತವನ್ನು ಅದರ ಪಾಡಿಗೆ ಇರಗೊಡಲಿ.