ಊರಂಗಡಿ ಬಾಗಿಲು ಹಾಕುವ ಮುಂಚೆ

(ಚಳ್ಳಕೆರೆ, ಮೊಳಕಾಲ್ಮುರು ತಾಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ ಮತ್ತು ಸಾಲ, ಈ ಎರಡು ಮಾತು ಬಾರದ ಸಭೆ ನಮ್ಮಲ್ಲಿ ಇಲ್ಲ. ಬ್ಯಾಂಕಿನ ಸಾಲ ಎಷ್ಟು, ಸೊಸೈಟಿ ಸಾಲ ಎಷ್ಟು ಅಂತ ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ. ಊರಿನ ಚಿಲ್ಲರೆ ಅಂಗಡಿಯ ಉದ್ರಿ ಎಷ್ಟು ಅಂದರೆ ತಲೆ ಕೆರೆದುಕೊಳ್ಳುತ್ತೀರಿ. ಅದನ್ನು ನಾವು ಸಾಲ ಅಂತಲೇ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿಯದೇ ಇರುವುದರಿಂದಲೇ ನಮ್ಮ ಹಳ್ಳಿಗಳಲ್ಲಿ ಒಂದೊಂದೇ ಅಂಗಡಿ ಬಾಗಿಲು ಹಾಕುತ್ತಿದೆ.

ನಮ್ಮದು ಮುಗಿಲು ನೋಡಿ ಬದುಕುವ ಸೀಮೆ. ಮಳೆ ಬಂದಾಗ ಶೇಂಗಾ ಬಿತ್ತಿದರೆ ದುಡ್ಡು ಕಾಣುವುದು ದೀಪಾವಳಿ ಆಸುಪಾಸಿಗೆ. ಅಲ್ಲೀತನಕ ಉಪ್ಪು, ಬೆಲ್ಲ, ಚಾಪುಡಿ, ಮಕ್ಕಳ ನೋಟ್‌ಬುಕ್ಕು ಎಲ್ಲಾ ಬರುವುದು ಆ ಅಂಗಡಿಯಿಂದ. ಮೊಳಕಾಲ್ಮುರಿನ ಮಗ್ಗದ ಮನೆಯದೂ ಇದೇ ಪಾಡು. ರೇಷ್ಮೆ ಸೀರೆ ಮಗ್ಗದಿಂದ ಇಳಿದು ಕೂಲಿ ಕೈಗೆ ಬರುವ ತನಕ ಅಂಗಡಿಯೇ ಗತಿ. ಅಲ್ಲಿ ಪಹಣಿ ಕೇಳುವುದಿಲ್ಲ, ಜಾಮೀನು ಕೇಳುವುದಿಲ್ಲ, ಹೆಬ್ಬೆಟ್ಟು ಒತ್ತಿಸುವುದಿಲ್ಲ. "ಬರ್ಕೊಳ್ಳಪ್ಪ" ಅಂದರೆ ಸಾಕು.

ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲುಗಳ ಊರು ಅಂತ ನಾಡಿಗೆಲ್ಲ ಹೆಸರು. 1994ರಲ್ಲಿ ಕೇಂದ್ರ ಸರ್ಕಾರ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಆಮೇಲೆ ನಮ್ಮ ಶೇಂಗಾ ಎಣ್ಣೆ ಹೊರದೇಶದ ಅಗ್ಗದ ಎಣ್ಣೆಯ ಜೊತೆ ಗುದ್ದಾಡಬೇಕಾಯಿತು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಬೆಲೆ ಬಿದ್ದರೂ ಅಷ್ಟೇ, ಬೆಳೆ ಹೋದರೂ ಅಷ್ಟೇ, ಮೊದಲು ಉಬ್ಬುವುದು ಅಂಗಡಿಯ ಉದ್ರಿ ಪುಸ್ತಕ.

ಲೆಕ್ಕಕ್ಕೆಂದು ಒಂದು ಊರು ಹಿಡಿಯಿರಿ. 80 ಮನೆ, ಮನೆಗೆ 2,500 ರೂಪಾಯಿ ಉದ್ರಿ. ಒಟ್ಟು 2 ಲಕ್ಷ. ಆ ಗಂಡಹೆಂಡತಿ ಸಾಮಾನು ತರಲು ಹೊರಗಿನಿಂದ ಅಷ್ಟೇ ಸಾಲ ಎತ್ತಿದ್ದಾರೆ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ತಿಂಗಳಿಗೆ 6,000 ಬಡ್ಡಿಗೇ ಹೋಯಿತು. ತಿಂಗಳ ವ್ಯಾಪಾರ 1 ಲಕ್ಷ, ನೂರಕ್ಕೆ 8 ಉಳಿದರೆ 8,000. ಮನೆ ನಡೆಸಲು ಮಿಕ್ಕಿದ್ದು 2,000! ನಾವು ಬಡ್ಡಿ ಇಲ್ಲದೆ ತಿಂದ ಬೆಲ್ಲಕ್ಕೆ ಬಡ್ಡಿ ಕಟ್ಟುತ್ತಿರುವವರು ಅವರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅನ್ನುವ ಗಾದೆ ಇಲ್ಲಿ ನಮ್ಮ ಮೇಲೇ ತಿರುಗುತ್ತದೆ.

"ಮುಚ್ಚಿದರೆ ಮುಚ್ಚಲಿ ಬಿಡಿ, ಚಳ್ಳಕೆರೆಯಲ್ಲಿ ಬೇಕಾದಷ್ಟು ಅಂಗಡಿ ಇವೆ" ಅನ್ನುವವರಿದ್ದಾರೆ. ಇವೆ ಸ್ವಾಮಿ, ಯಾರು ಇಲ್ಲ ಅಂದರು? ಬಸ್ ಚಾರ್ಜು ಕೊಟ್ಟು, ಅರ್ಧ ದಿನದ ಕೆಲಸ ಬಿಟ್ಟು ಹೋಗಬೇಕು. ಅಲ್ಲಿ ನಿಮ್ಮ ಮುಖ ನೋಡಿ ಯಾರೂ ಉದ್ರಿ ಬರೆಯುವುದಿಲ್ಲ. ಆಗ ಮನೆಯ ಹೆಣ್ಣುಮಕ್ಕಳು ವಾರದ ಕಂತಿನ ಕಿರುಸಾಲಕ್ಕೆ ಕೈಯೊಡ್ಡುತ್ತಾರೆ. ಆ ಸಾಲದ ವಸೂಲಿ ಕಾಟ ಎಷ್ಟಾಯಿತೆಂದರೆ, ಅದನ್ನು ತಡೆಯಲೆಂದೇ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತರಬೇಕಾಯಿತು.

ಹಾಗಾದರೆ ಏನು ಮಾಡಬೇಕು? ಜಾತ್ರೆಗೆ ವಂತಿಗೆ ಎತ್ತುತ್ತೇವೆ, ಗುಡಿಗೆ ಎತ್ತುತ್ತೇವೆ. ಅಂಗಡಿಗೂ ಎತ್ತೋಣ. ಆದರೆ ಮೊದಲು ಉದ್ರಿ, ಆಮೇಲೆ ವಂತಿಗೆ. ಉದ್ರಿ ಬಾಕಿ ಇಟ್ಟುಕೊಂಡು ನೂರು ರೂಪಾಯಿ ದಾನ ಕೊಟ್ಟು ಹಾರ ಹಾಕಿಸಿಕೊಳ್ಳುವುದು ಬೇಡ. ಈ ಸುಗ್ಗಿಗೆ ಪ್ರತಿ ಮನೆಯವರೂ ಹಳೇ ಉದ್ರಿಯಲ್ಲಿ ಅರ್ಧ ತೀರಿಸಲಿ, 1 ಲಕ್ಷ ಆಯಿತು. ಬೋರಿನಲ್ಲಿ ನೀರಿರುವ 30 ಮನೆಯವರು ತಲಾ 2,000, ಖುಷ್ಕಿಯ 40 ಮನೆಯವರು ತಲಾ 1,000 ವಂತಿಗೆ ಹಾಕಲಿ. ಕೂಲಿ ಮಾಡುವ 10 ಮನೆಯವರಿಂದ ವಂತಿಗೆ ಬೇಡ. ಇದೂ 1 ಲಕ್ಷ. ಹೊರಗಿನ ಸಾಲ ಅಲ್ಲಿಗೆ ಚುಕ್ತಾ. ಮುಂದಿನ ಸುಗ್ಗಿಗೆ ಉಳಿದರ್ಧ ಉದ್ರಿ ಬಂದಾಗ ಅದರಿಂದಲೇ ವಂತಿಗೆಯನ್ನು ತಿಂಗಳಿಗಿಷ್ಟು ಸಾಮಾನಿನ ರೂಪದಲ್ಲಿ ವಾಪಸು ಕೊಡಲಿ. ಬಡ್ಡಿ ಬೇಡ. ಇದು ದಾನ ಅಲ್ಲ, ಮುಯ್ಯಿ. ಬಿತ್ತನೆಗೆ ಮುಯ್ಯಾಳು ಹೋಗುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ದುಡ್ಡು ಕೂಡಿಸುವುದು ಸುಲಭ, ಲೆಕ್ಕ ಇಡುವುದು ಕಷ್ಟ. 2020ರ ಅಕ್ಟೋಬರಿನಲ್ಲಿ ದೆಹಲಿಯ ಮಾಳವೀಯ ನಗರದ 'ಬಾಬಾ ಕಾ ಢಾಬಾ' ಎಂಬ ಪುಟ್ಟ ಅಂಗಡಿಯ ಮುದುಕ ದಂಪತಿಯ ಕಣ್ಣೀರನ್ನು ಜನ ಮೊಬೈಲಿನಲ್ಲಿ ನೋಡಿದರು. ದೇಶದ ಎಲ್ಲಾ ಕಡೆಯಿಂದ ದುಡ್ಡು ಹರಿಯಿತು. ಮುಂದೆ ಲೆಕ್ಕದ ತಕರಾರು ಪೊಲೀಸ್ ಠಾಣೆ ಹತ್ತಿತು. ಹೊಸದಾಗಿ ತೆರೆದ ಹೋಟೆಲಿನ ಖರ್ಚು ತೂಗಲಿಲ್ಲ. ಕೆಲವೇ ತಿಂಗಳಲ್ಲಿ ಅದನ್ನು ಮುಚ್ಚಿ ಹಳೇ ಜಾಗಕ್ಕೇ ಬಂದರು. ಕರುಣೆ ಇತ್ತು, ಕಟ್ಟುಪಾಡು ಇರಲಿಲ್ಲ.

ಕಟ್ಟುಪಾಡು ಇದ್ದದ್ದು ಉಳಿದಿದೆ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲಿನಲ್ಲಿ 28 ಜನ ತಲಾ ಒಂದು ಪೌಂಡ್ ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆಯ ಅಂಗಡಿ ತೆರೆದರು. ಸರಿಯಾದ ತೂಕ, ಕಲಬೆರಕೆ ಇಲ್ಲ, ಉದ್ರಿ ಇಲ್ಲ ಅಂತ ನೇಮ ಮಾಡಿದರು. ನಮ್ಮ ನಾಡಿನಲ್ಲೇ, ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅವರೂ ನಮ್ಮಂಥ ಹಳ್ಳಿಯವರೇ.

ನಮ್ಮ ಕಟ್ಟುಪಾಡು ನಾಲ್ಕೇ ಇರಲಿ. ಒಂದು, ವಂತಿಗೆ ಕೊಟ್ಟವರಿಗೆ ಚೀಟಿ. ಎರಡು, ದುಡ್ಡು ನೋಡಿಕೊಳ್ಳಲು ಮೂವರು, ಅವರಲ್ಲಿ ಒಬ್ಬರು ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳು. ದುಡ್ಡು ಅಂಗಡಿಯ ಸಾಲಕ್ಕೇ ನೇರ ಜಮಾ. ಮೂರು, ಪ್ರತಿ ಅಮಾವಾಸ್ಯೆ ಗುಡಿ ಕಟ್ಟೆಯ ಮೇಲೆ ಲೆಕ್ಕ ಓದಬೇಕು. ಬಾಕಿದಾರರ ಹೆಸರು ಕೂಗಿ ಮಾನ ಕಳೆಯಬಾರದು, ಒಟ್ಟು ಮೊತ್ತ ಸಾಕು. ನಾಲ್ಕು, ಇನ್ನು ಮುಂದೆ ಉದ್ರಿಗೆ ಮಿತಿ. ಮನೆಗೊಂದು ಪುಸ್ತಕ, ಅಂಗಡಿಗೊಂದು ಪುಸ್ತಕ, ಎರಡರಲ್ಲೂ ಒಂದೇ ಅಂಕಿ. ತೂಕದಲ್ಲಿ, ಬರಹದಲ್ಲಿ ಮೋಸ ಮಾಡುವ ಅಂಗಡಿಯವರೂ ಇದ್ದಾರೆ. ಅಂಥವರಿಗೆ ವಂತಿಗೆ ಎತ್ತಿ ಅಂತ ನಾನು ಹೇಳುತ್ತಿಲ್ಲ.

ನಮ್ಮ ಶೇಂಗಾ ಕೊಂಡವನು ದುಡ್ಡು ತಡ ಮಾಡಿದರೆ ನಾವು ಬೀದಿಗಿಳಿಯುತ್ತೇವೆ. ಸರಿ. ಹಾಗಾದರೆ ನಮಗೆ ಉಪ್ಪು ಕೊಟ್ಟವರ ದುಡ್ಡನ್ನು ವರ್ಷಗಟ್ಟಲೆ ತಡೆಯುವ ಹಕ್ಕು ನಮಗೆ ಎಲ್ಲಿಂದ ಬಂತು? ಬಾಕಿ ಕೇಳುವ ಬಾಯಿಗೆ ಬಾಕಿ ತೀರಿಸಿದ ಕೈ ಜೊತೆಗಿರಬೇಕು.

ಇದನ್ನು ಓದುತ್ತಿರುವ ನೀವು ಇವತ್ತು ಸಂಜೆ ಅಂಗಡಿಗೆ ಹೋಗಿ ನಿಮ್ಮ ಪುಟ ತೆಗೆಸಿ ನೋಡಿ. ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಶೇಂಗಾ ಮಾರಿದ ದಿನ ಆ ಚೀಟಿ ನಿಮ್ಮ ಜೇಬಿನಲ್ಲಿರಲಿ.