ಲಂಡನ್ನಿಗೆ ಬಂದ ಪಿಶಾಚಿ
(ಸಂಘದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ದೆವ್ವದ ಕಥೆಯೆಂದರೆ ಊರಾಚೆಯ ಹುಣಸೆಮರ, ಹಾಳುಬಾವಿ, ಅಮಾವಾಸ್ಯೆಯ ಕತ್ತಲೆ, ಇವೇ ನಮಗೆ ನೆನಪಾಗುವುದು. ದೀಪಗಳೂ ರೈಲುಗಳೂ ಜನಜಂಗುಳಿಯೂ ತುಂಬಿದ ಮಹಾನಗರದಲ್ಲಿ ಪಿಶಾಚಿಗೇನು ಕೆಲಸ? ಈ ಪ್ರಶ್ನೆಗೆ 1897ರಲ್ಲಿ ಪ್ರಕಟವಾದ ‘ಡ್ರಾಕುಲಾ’ ಕಾದಂಬರಿಯಲ್ಲಿ ಉತ್ತರವಿದೆ.

ಅದನ್ನು ಬರೆದ ಬ್ರಾಮ್ ಸ್ಟೋಕರ್ ಡಬ್ಲಿನ್ನಿನವನು. ಅಲ್ಲಿ ಸರ್ಕಾರಿ ನೌಕರಿಯಲ್ಲಿದ್ದು, 1878ರಲ್ಲಿ ಲಂಡನ್ನಿನ ಲೈಸಿಯಂ ನಾಟಕಶಾಲೆಯ ವ್ಯವಸ್ಥಾಪಕನಾಗಿ ಬಂದ. ಗುಮಾಸ್ತರ ಕರ್ತವ್ಯಗಳನ್ನು ಕುರಿತು ಅವನೊಂದು ಪುಸ್ತಕವನ್ನೂ ಬರೆದಿದ್ದಾನೆ. ಅಂತೂ ನಮ್ಮ ಹಾಗೆಯೇ ಕೆಲಸಕ್ಕಾಗಿ ಊರು ಬಿಟ್ಟವನು.

ಅವನ ಕಥಾನಾಯಕ ಟ್ರಾನ್ಸಿಲ್ವೇನಿಯದ ಕೋಟೆಯಲ್ಲಿ ರಕ್ತ ಹೀರಿ ಬದುಕುವ ಪ್ರಭು. ಲಂಡನ್ನಿಗೆ ಅವನು ಗಾಳಿಯಲ್ಲಿ ಹಾರಿ ಬರುವುದಿಲ್ಲ. ವಕೀಲರ ಮೂಲಕ ಕ್ರಯಪತ್ರ ಮಾಡಿಸಿ ಮನೆ ಕೊಳ್ಳುತ್ತಾನೆ. ವಿಶ್ರಾಂತಿಗೆ ತನ್ನ ನೆಲದ ಮಣ್ಣೇ ಬೇಕಾದ್ದರಿಂದ, ಅದನ್ನು ತುಂಬಿದ 50 ಪೆಟ್ಟಿಗೆಗಳನ್ನು ಹಡಗಿನಲ್ಲಿ ತರಿಸುತ್ತಾನೆ.

ಅವನ ಜಾಡು ಸಿಕ್ಕುವುದೂ ಕಾಗದಪತ್ರಗಳಿಂದಲೇ. ಸಾಗಣೆಯವರ ದಾಖಲೆ, ತಂತಿ, ಮಿನಾ ಎಂಬಾಕೆ ಟೈಪುಮಾಡಿ ಜೋಡಿಸಿದ ದಿನಚರಿಗಳು, ಇವನ್ನೆಲ್ಲ ಕೂಡಿಸಿ ನೋಡಿದಾಗ ಪೆಟ್ಟಿಗೆಗಳ ಲೆಕ್ಕ ಹತ್ತುತ್ತದೆ. 49 ಸಿಕ್ಕುತ್ತವೆ, ಒಂದು ಸಿಕ್ಕುವುದಿಲ್ಲ! ಸಂಜೆ ಲೆಕ್ಕ ತಾಳೆಯಾಗದಿದ್ದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಬ್ಯಾಂಕಿನಲ್ಲಿ ದುಡಿಯುವ ನನ್ನಂಥವರನ್ನು ಕೇಳಬೇಕು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ವಿಷಯ. ತಾನು ಪರದೇಶದವನೆಂದು ಮಾತಿನಿಂದ ಯಾರಿಗೂ ತಿಳಿಯಬಾರದೆಂದು ಡ್ರಾಕುಲಾ ಇಂಗ್ಲಿಷನ್ನು ಪಟ್ಟುಹಿಡಿದು ಕಲಿಯುತ್ತಾನೆ. ಪಕ್ಕದ ಮನೆಗೆ ಬಂದವನು ಯಾರೋ ಏನೋ ಎಂಬ ನಗರವಾಸಿಯ ಶಂಕೆಯೇ ಇಲ್ಲಿ ಪಿಶಾಚಿಯ ರೂಪ ತಾಳಿದೆ. ಮಹನೀಯರೇ, ಈ ಊರಿನಲ್ಲಿ ನಾವೂ ಹೊರಗಿನಿಂದ ಬಂದವರೇ. ಆ ಶಂಕೆ ನಾಳೆ ನಮ್ಮ ಬಾಗಿಲಿಗೂ ಬರಬಹುದು. ನಮ್ಮ ಮನಸ್ಸಿನಲ್ಲೇ ಇನ್ನೊಬ್ಬರ ಮೇಲೆ ಹುಟ್ಟಲೂಬಹುದು.

ಹಾಗೆಂದು ಸ್ಟೋಕರ್ ಹೊರಗಿನವರನ್ನೆಲ್ಲ ರಾಕ್ಷಸರನ್ನಾಗಿ ಮಾಡಿಲ್ಲ. ಪಿಶಾಚಿಯನ್ನು ಗುರುತಿಸುವ ವ್ಯಾನ್ ಹೆಲ್ಸಿಂಗ್ ಆಮ್‌ಸ್ಟರ್‌ಡಾಮಿನವನು. ಅವನ ಇಂಗ್ಲಿಷು ತಪ್ಪುತಪ್ಪು. ಕೊನೆಯ ಹೋರಾಟದಲ್ಲಿ ಪ್ರಾಣ ಕೊಡುವವನು ಟೆಕ್ಸಾಸಿನವನು. ಅಪಾಯದ ಸಂಗತಿಗಳನ್ನು ಗಂಡಸರು ಮಿನಾಳಿಂದ ಮುಚ್ಚಿಟ್ಟ ದಿನಗಳಲ್ಲೇ ಪಿಶಾಚಿ ಅವಳನ್ನು ಮುಟ್ಟುತ್ತದೆ. ಎಲ್ಲರೂ ತಿಳಿದುದನ್ನು ಹಂಚಿಕೊಂಡ ಮೇಲೆಯೇ ಅದು ಸೋತದ್ದು.

ಹಳ್ಳಿಯ ದೆವ್ವಕ್ಕೆ ಹೆಸರಿತ್ತು, ಮರವಿತ್ತು. ನಗರದ ದೆವ್ವಕ್ಕೆ ಅಪರಿಚಯವೇ ಆಸರೆ. ಆದುದರಿಂದ ಎದುರು ಮನೆಯವರ ಭಾಷೆ ಯಾವುದೇ ಇರಲಿ, ಈ ರಾಜ್ಯೋತ್ಸವದ ಸಿಹಿಯನ್ನು ಅವರಿಗೂ ಕೊಟ್ಟು ಬನ್ನಿರೆಂದು ಪ್ರಾರ್ಥಿಸಿ, ನನ್ನ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.