ಪಟ್ಟಿ ಖಾಲಿ ಅಂದ್ರೆ ಆರ್ಡರ್ ಹಾಕಿಲ್ಲ ಅಂತ ಅಲ್ಲ

ನನ್ನ ಊರು ಮಳವಳ್ಳಿ ತಾಲ್ಲೂಕಿನ ಹಲಗೂರು. ಕೆಲಸ ಬೆಂಗಳೂರಿನ ಒಂದು ಷೇರು ಬ್ರೋಕರೇಜ್ ಕಂಪನಿಯಲ್ಲಿ. ಸಾಫ್ಟ್‌ವೇರ್ ಬರೆಯೋರು ಬೇರೆಯವರು. ಅದು ಏನು ಮಾಡುತ್ತೆ, ಹೇಗೆ ಬಳಸಬೇಕು ಅಂತ ಬರೆದಿಡೋನು ನಾನು. ಇಷ್ಟು ದಿನ ನನ್ನ ಬರಹವನ್ನ ಎಂಜಿನಿಯರುಗಳು ಓದ್ತಿದ್ರು. ಈಗ ಎಐ ಏಜೆಂಟ್‌ಗಳೂ ಓದ್ತವೆ. ನಾನು ಬರೆದ ಒಂದೇ ಒಂದು ಸಾಲಿನಿಂದ ನಮ್ಮ ಚಿಕ್ಕಪ್ಪನಿಗೆ ಆದ ತೊಂದರೆಯ ಬಗ್ಗೆ ಇವತ್ತು ಮಾತಾಡ್ತೀನಿ.

ಚಿಕ್ಕಪ್ಪ ಊರಲ್ಲಿ ರೇಷ್ಮೆ ಬೆಳೆಯೋರು. ರೇಷ್ಮೆಗೂಡು ಮಾರಿದ ದುಡ್ಡಲ್ಲಿ ಸ್ವಲ್ಪ ಷೇರಿಗೆ ಹಾಕ್ತಾರೆ. ಖಾತೆ ತೆರೆಸಿಕೊಟ್ಟವನೂ ನಾನೇ. ಒಂದು ಶುಕ್ರವಾರ 40 ಷೇರು ಕೊಳ್ಳೋಕೆ ಆರ್ಡರ್ ಹಾಕಿದ್ರು. ಅದು ಅವತ್ತೇ ಪೂರ್ತಿ ಆಗಿತ್ತು. ಶನಿವಾರ ಫೋನಿನಲ್ಲಿ ಎಐ ಸಹಾಯಕನನ್ನ ಕೇಳಿದ್ರು, ‘ನನ್ನ ಆರ್ಡರ್ ಏನಾಯ್ತು?’ ಅಂತ. ‘ನಿಮ್ಮ ಖಾತೆಯಲ್ಲಿ ಯಾವುದೇ ಆರ್ಡರ್ ಇಲ್ಲ’ ಅಂತ ಉತ್ತರ ಬಂತು. ಎಲ್ಲೋ ಒತ್ತೋದು ತಪ್ಪಿರಬೇಕು ಅಂದ್ಕೊಂಡು ಸೋಮವಾರ ಬೆಳಿಗ್ಗೆ ಮತ್ತೆ 40 ಕೊಂಡ್ರು. ಒಟ್ಟು 80 ಆಯ್ತು. ಎರಡನೇ ಸಲ ಹೋದದ್ದು ಹಿಪ್ಪುನೇರಳೆ ತೋಟಕ್ಕೆ ಹನಿ ನೀರಾವರಿ ಪೈಪು ಹಾಕಿಸೋಕೆ ಅಂತ ಎತ್ತಿಟ್ಟಿದ್ದ ದುಡ್ಡು. ಕೊನೆಗೆ ಹೆಚ್ಚಾಗಿದ್ದ 40 ಷೇರನ್ನ ಸ್ವಲ್ಪ ನಷ್ಟಕ್ಕೇ ಮಾರಬೇಕಾಯ್ತು.

ಇದು ಹೇಗಾಯ್ತು? ಈ ಏಜೆಂಟ್‌ಗಳಿಗೆ ನಮ್ಮ ಖಾತೆ ನೇರವಾಗಿ ಕಾಣೋದಿಲ್ಲ. ಟೂಲ್ ಅಂತ ಒಂದು ಕಿಟಕಿ ಕೊಡ್ತೀವಿ. ಇದಕ್ಕೊಂದು ಸಾಮಾನ್ಯ ವಿಧಾನ ಇದೆ, ಎಂಸಿಪಿ ಅಂತ. ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಅದನ್ನ ಬಿಡುಗಡೆ ಮಾಡಿತು. ನಮ್ಮ ಬೆಂಗಳೂರಿನದೇ ಆದ ಝೆರೋಧಾ 2025ರಲ್ಲಿ ಕೈಟ್ ಎಂಸಿಪಿ ಅಂತ ತಂದಿತು. ಇಂಥ ವ್ಯವಸ್ಥೆಯಲ್ಲಿ ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನೋ ಪಟ್ಟಿ ಇರುತ್ತೆ. ಯಾವ ಟೂಲ್ ಬಳಸಬೇಕು, ಬಂದ ಉತ್ತರಕ್ಕೆ ಏನರ್ಥ ಅನ್ನೋದನ್ನ ಏಜೆಂಟ್ ತಿಳ್ಕೊಳ್ಳೋದು ಮುಖ್ಯವಾಗಿ ಅಷ್ಟರಿಂದಲೇ.

ಆರ್ಡರ್ ಹುಡುಕುವ ಟೂಲ್‌ಗೆ ನಾನು ಬರೆದಿದ್ದು ಇಷ್ಟೇ: ‘ಗ್ರಾಹಕರ ಆರ್ಡರ್‌ಗಳ ಪಟ್ಟಿಯನ್ನು ಕೊಡುತ್ತದೆ.’ ಆದರೆ ಆ ಪಟ್ಟಿ ಆ ಒಂದು ದಿನದ್ದು ಮಾತ್ರ. ಬ್ರೋಕರೇಜ್‌ಗಳಲ್ಲಿ ಇದು ಹೊಸದೇನಲ್ಲ. ಝೆರೋಧಾದ ಕೈಟ್ ಕನೆಕ್ಟ್ ಕೈಪಿಡಿಯಲ್ಲೂ ಆರ್ಡರ್ ಪುಸ್ತಕ ಒಂದು ದಿನ ಮಾತ್ರ ಇರುತ್ತೆ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಬರೆದಿರಲಿಲ್ಲ. ಶನಿವಾರ ಪಟ್ಟಿ ಖಾಲಿ ಬಂತು. ಟೂಲ್ ಸುಳ್ಳು ಹೇಳಲಿಲ್ಲ. ನಾನು ಹೇಳದೆ ಬಿಟ್ಟಿದ್ದನ್ನ ಏಜೆಂಟ್ ತಾನೇ ತುಂಬಿಕೊಳ್ತು.

ಊರಿಗೆ ಹೋದಾಗ ಚಿಕ್ಕಪ್ಪನ ಮುಂದೆ ಇದನ್ನೆಲ್ಲ ವಿವರಿಸ್ತಾ ಕೂತೆ. ಅವರು ಕೇಳಿದ್ದು ಒಂದೇ ಮಾತು: ‘ಅಲ್ಲ ಕನಪ್ಪ, ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿ ನೆನ್ನೆ ಲೆಕ್ಕ ಕೇಳುದ್ರೆ, ಇವತ್ತಿನ ಪುಸ್ತಕದಲ್ಲಿ ಇಲ್ಲ, ಹಳೇದು ನೋಡ್ಬೇಕು ಅಂತಾರೆ. ನೀನು ಗೂಡೇ ಮಾರಿಲ್ಲ ಹೋಗು ಅಂತಾರಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದು ವಿವರಣೆ ತಿದ್ದಿದೆ. ಈಗ ಅದು ಹೀಗಿದೆ: ‘ಈ ವಹಿವಾಟು ದಿನದ ಆರ್ಡರ್‌ಗಳನ್ನು ಮಾತ್ರ ಕೊಡುತ್ತದೆ. ಹಿಂದಿನ ದಿನದ್ದು ಇಲ್ಲಿ ಸಿಗುವುದಿಲ್ಲ. ಪಟ್ಟಿ ಖಾಲಿ ಇದ್ದರೆ ಆರ್ಡರ್ ಹಾಕಿಲ್ಲ ಎಂದು ಹೇಳಬೇಡ. ಯಾವ ದಿನದ ಆರ್ಡರ್ ಎಂದು ಗ್ರಾಹಕರನ್ನು ಕೇಳು. ಹಳೆಯದಾದರೆ ಕಾಂಟ್ರ್ಯಾಕ್ಟ್ ನೋಟ್ ನೋಡಲು ಹೇಳು.’ ಬರೀ ವಿವರಣೆ ಸಾಲದು ಅಂತ ನಮ್ಮ ಎಂಜಿನಿಯರುಗಳು ಉತ್ತರದೊಳಗೇ ಅದು ಯಾವ ದಿನಾಂಕದ ಪಟ್ಟಿ ಅನ್ನೋದನ್ನೂ ಸೇರಿಸಿದ್ರು.

ಆಮೇಲೆ ಉಳಿದಿದ್ದನ್ನೂ ಅದೇ ಕಣ್ಣಲ್ಲಿ ಓದಿದೆ. ಆರ್ಡರ್ ಹಾಕಿದ ತಕ್ಷಣ ‘ಯಶಸ್ವಿ’ ಅಂತ ಬರುತ್ತೆ. ಅಂದ್ರೆ ಬ್ರೋಕರ್ ಕಂಪ್ಯೂಟರ್ ಅದನ್ನ ತಗೊಂಡಿದೆ ಅಂತ ಅಷ್ಟೇ, ಷೇರು ಸಿಕ್ಕಿದೆ ಅಂತಲ್ಲ. ಅದು ಆಮೇಲೆ ತಿರಸ್ಕೃತವೂ ಆಗಬಹುದು. ಇನ್ನೊಂದು: 100 ಷೇರಿಗೆ ಆರ್ಡರ್ ಹಾಕಿ, 60 ಸಿಕ್ಕಮೇಲೆ ಉಳಿದದ್ದನ್ನ ರದ್ದು ಮಾಡಿದ್ರಿ ಅನ್ನಿ. ಸ್ಥಿತಿ ‘ರದ್ದು’ ಅಂತ ತೋರಿಸುತ್ತೆ. ಆದರೆ 60 ಷೇರು ನಿಮ್ಮದಾಗಿವೆ, ಅದರ ದುಡ್ಡೂ ಹೋಗಿದೆ. ಅದಕ್ಕೇ ಸ್ಥಿತಿಯ ಜೊತೆಗೆ ಎಷ್ಟು ಸಿಕ್ಕಿದೆ ಅನ್ನೋ ಸಂಖ್ಯೆಯನ್ನೂ ನೋಡಲೇಬೇಕು ಅಂತ ಬರೆದೆ. ಲಾಗಿನ್ ಅವಧಿ ಮುಗಿದು ಮಾಹಿತಿಯೇ ಬರದಿದ್ದರೆ, ಅದನ್ನ ‘ಆರ್ಡರ್ ಇಲ್ಲ’ ಅಂತ ಹೇಳಬಾರದು ಅಂತಲೂ ಸೇರಿಸಿದೆ.

ಮನುಷ್ಯ ಓದುಗನಿಗೆ ಅನುಮಾನ ಬಂದರೆ ಪಕ್ಕದವರನ್ನ ಕೇಳ್ತಾನೆ, ನಮಗೊಂದು ಮೇಲ್ ಹಾಕ್ತಾನೆ. ಏಜೆಂಟ್ ಹಾಗೆ ನಿಂತು ಕೇಳುತ್ತೆ ಅಂತ ನಂಬೋಕಾಗಲ್ಲ. ಉತ್ತರ ಗೊತ್ತಿರೋ ಹಾಗೇ ಧೈರ್ಯವಾಗಿ ಹೇಳಿಬಿಡುತ್ತೆ. ಹಾಗಾಗಿ ಟೂಲ್ ಏನು ಕೊಡುತ್ತೆ ಅನ್ನೋದರ ಜೊತೆಗೆ ಏನು ಕೊಡೋದಿಲ್ಲ ಅನ್ನೋದನ್ನೂ ಬರೆಯದಿದ್ದರೆ ನನ್ನ ಕೆಲಸ ಅರ್ಧವೇ ಆದ ಹಾಗೆ.

ಕೇಳುಗರಿಗೆ ಒಂದು ಮಾತು. ಎಐ ‘ಇಲ್ಲ’ ಅಂದ ತಕ್ಷಣ ಇನ್ನೊಂದು ಆರ್ಡರ್ ಹಾಕಬೇಡಿ. ವಹಿವಾಟು ಆದ 24 ಗಂಟೆಯೊಳಗೆ ಬ್ರೋಕರ್ ಕಾಂಟ್ರ್ಯಾಕ್ಟ್ ನೋಟ್ ಕಳಿಸಬೇಕು ಅನ್ನೋದು ನಿಯಮ. ಮೊದಲು ಇಮೇಲ್ ತೆಗೆದು ಅದನ್ನ ನೋಡಿ. 2023ರ ಜನವರಿಯಿಂದ ನಮ್ಮಲ್ಲಿ ಎಲ್ಲ ಷೇರುಗಳೂ ಕೊಂಡ ಮರು ವಹಿವಾಟು ದಿನವೇ ಖಾತೆಗೆ ಬರ್ತವೆ. ಶುಕ್ರವಾರ ಕೊಂಡಿದ್ದರೆ, ರಜೆ ಇಲ್ಲದಿದ್ದರೆ, ಸೋಮವಾರ. ಡಿಮ್ಯಾಟ್ ಖಾತೆಯನ್ನೂ ಒಮ್ಮೆ ನೋಡಿ.

ಚಿಕ್ಕಪ್ಪನ ತೋಟಕ್ಕೆ ಪೈಪು ಹಾಕೋದು ಒಂದು ತಿಂಗಳು ತಡವಾಯ್ತು. ನಷ್ಟದ ದುಡ್ಡು ಕೊಡೋಕೆ ಹೋದ್ರೆ ಬೇಡ ಅಂದ್ರು. ‘ಮೊದ್ಲು ಸರಿಯಾಗಿ ಬರಿ’ ಅಂದ್ರು. ಬರೀತಾ ಇದ್ದೀನಿ.